ಹೇಗೆ ಉಜ್ಜುತ್ತೀರಿ, ತೋರಿಸಿ

ಚೆಂಬೂರಿನ ಒಂದು ಧರ್ಮಾರ್ಥ ಆಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದೆ. ಡಾಕ್ಟರ್ ಅಲ್ಲ, ನರ್ಸ್ ಕೂಡ ಅಲ್ಲ, ಡೆಂಟಲ್ ಹೈಜಿನಿಸ್ಟ್. ಹಲ್ಲು ಕೀಳುವುದು, ಕೊರೆಯುವುದು, ತುಂಬುವುದು ಡಾಕ್ಟರರ ಕೆಲಸ. ಹಲ್ಲಿಗೆ ಅಂಟಿ ಕಲ್ಲಿನಂತಾದ ಕೊಳೆಯನ್ನು ಕೆರೆದು ತೆಗೆಯುವುದು, ಮತ್ತೆ ಅದು ಕೂರದಂತೆ ಏನು ಮಾಡಬೇಕೆಂದು ಹೇಳಿಕೊಡುವುದು ನನ್ನ ಕೆಲಸ. ಕೋರ್ಸಿಗೆ ಸೇರಿದಾಗ ಘಾಟ್ಕೋಪರಿನ ನಮ್ಮ ಚಾಳಿನಲ್ಲಿ ಪಕ್ಕದ ಮನೆಯ ಸುಮತಿಯಕ್ಕ ಕೇಳಿದ್ದರು, "ಎಂತ ಮಾರಾಯ್ತಿ, ಬೇರೆಯವರ ಹಲ್ಲು ಉಜ್ಜಲಿಕ್ಕೆ ಎರಡು ವರ್ಷ ಕಲೀಬೇಕಾ?" ಆಗ ಸಿಟ್ಟು ಬಂದಿತ್ತು. ಎರಡು ವರ್ಷ ಸಾಲಲಿಲ್ಲವೆಂದು ಈಗ ಅನಿಸುತ್ತದೆ.

ನಿವೃತ್ತಳಾಗಿ ಒಂದೂವರೆ ವರ್ಷವಾಯಿತು. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನು ಮಾಡಿ, "ಮ್ಯಾಡಮ್, ಬುಕ್‌ನಲ್ಲಿ ಇಲ್ಲದ್ದು ಏನಾದ್ರೂ ಇದ್ರೆ ನನಗೆ ಲಿಖ್ ಕೇ ಕೊಡಿ ನಾ" ಎಂದಳು. ಅವಳ ಕನ್ನಡ ಅಷ್ಟೇ. ಓದಲು ಬರುವುದಿಲ್ಲ, ಅವಳ ಅಮ್ಮ ಓದಿ ಹೇಳುತ್ತಾರಂತೆ. ಅವಳಿಗೂ ಅವಳ ಅಮ್ಮನಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಸೇರಿದಾಗ ನನ್ನ ಕೈಗೆ ಒಂದು ದೊಡ್ಡ ಪ್ಲಾಸ್ಟಿಕ್ ದವಡೆ, ಮೊಳದುದ್ದದ ಒಂದು ಬ್ರಶ್ ಕೊಟ್ಟಿದ್ದರು. ರೋಗಿಗಳನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ ಆ ದವಡೆಯನ್ನು ಎತ್ತಿ ಹಿಡಿದು ಹಿಂದಿಯಲ್ಲಿ ಪಾಠ ಹೇಳುತ್ತಿದ್ದೆ. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಎರಡು ನಿಮಿಷ, ಮೆತ್ತಗಿನ ಬ್ರಶ್. ಎಲ್ಲರೂ ತಲೆ ಆಡಿಸುತ್ತಿದ್ದರು. ದಿನಕ್ಕೆರಡು ಸಲ ಉಜ್ಜುತ್ತೀರಾ ಎಂದರೆ ಎಲ್ಲರೂ ಹೌದು ಎನ್ನುತ್ತಿದ್ದರು. ಬಾಯಿ ತೆರೆದರೆ ಒಳಗೆ ಬೇರೆಯದೇ ಕಥೆ ಇರುತ್ತಿತ್ತು. ಅವರು ಸುಳ್ಳು ಹೇಳುತ್ತಿದ್ದಾರೆಂದು ಮೊದಲು ತಿಳಿದೆ. ಬೆಳಿಗ್ಗೆ ಎದ್ದು ನಲ್ಲಿಯ ಮುಂದೆ ನಿಂತಾಗ ತಮ್ಮ ಕೈ ಏನು ಮಾಡುತ್ತದೆಂಬುದು ಬಹಳ ಜನರಿಗೆ ಗೊತ್ತೇ ಇರುವುದಿಲ್ಲವೆಂದು ಆಮೇಲೆ ಗೊತ್ತಾಯಿತು. ಅದನ್ನು ನನಗೆ ಕಲಿಸಿದವರು ಒಬ್ಬರು ನಿವೃತ್ತ ಮೇಷ್ಟ್ರು.

ಅವರು ಚೆಂಬೂರಿನ ಕಾಲೊನಿಯೊಂದರಲ್ಲಿದ್ದ ಭಟ್ ಮಾಸ್ತರರು. ಪ್ರತಿ ಆರು ತಿಂಗಳಿಗೆ ತಪ್ಪದೆ ಬರುತ್ತಿದ್ದರು. ಹಲ್ಲಿನಲ್ಲಿ ಒಂದು ಚೂರು ಕೊಳೆ ಇರುತ್ತಿರಲಿಲ್ಲ. ಆದರೆ ಹಲ್ಲು ಒಸಡಿಗೆ ಸೇರುವಲ್ಲಿ ಪ್ರತಿ ಹಲ್ಲಿಗೂ ಚಾಕುವಿನಿಂದ ಕಚ್ಚು ಹಾಕಿದ ಹಾಗೆ ಗುರುತು. ತಣ್ಣೀರು ತಾಗಿದರೆ ಜುಂ ಎನ್ನುತ್ತದೆ ಎನ್ನುತ್ತಿದ್ದರು. ನಾವು ತುಂಬಿ ಕಳಿಸುವುದು, ಆರು ತಿಂಗಳಲ್ಲಿ ತುಂಬಿದ್ದು ಉದುರಿ ಅವರು ವಾಪಸು ಬರುವುದು. ಸರಿಯಾಗಿ ಉಜ್ಜುತ್ತೀರಾ ಎಂದು ನಾನು ಕೇಳಿದರೆ, "ನನ್ನಷ್ಟು ಸರಿಯಾಗಿ ಉಜ್ಜುವವನು ಈ ಕಾಲೊನಿಯಲ್ಲೇ ಇಲ್ಲ" ಎನ್ನುತ್ತಿದ್ದರು.

ಒಂದು ದಿನ ಅವರು ಬಂದಾಗ ಹಲ್ಲಿನ ಕೊಳೆ ಕೆರೆಯುವ ನಮ್ಮ ಸ್ಕೇಲಿಂಗ್ ಯಂತ್ರ ಕೆಟ್ಟಿತ್ತು. ರಿಪೇರಿಯವನು ಬರುವ ತನಕ ಇಬ್ಬರಿಗೂ ಕೆಲಸವಿಲ್ಲ. ಸುಮ್ಮನೆ ಕೂರುವ ಬದಲು ಒಂದು ಹೊಸ ಬ್ರಶ್ ಕೊಟ್ಟು, "ಮಾಸ್ತರೇ, ಹೇಗೆ ಉಜ್ಜುತ್ತೀರಿ, ತೋರಿಸಿ ನೋಡುವ" ಎಂದೆ. ಅವರು ಬ್ರಶ್ಶನ್ನು ಮುಷ್ಟಿಯಲ್ಲಿ ಹಿಡಿದರು, ಮೊಣಕೈ ಎತ್ತಿದರು, ಹಿತ್ತಾಳೆಯ ಹಂಡೆ ತಿಕ್ಕುವ ಹಾಗೆ ಅಡ್ಡಡ್ಡ ತಿಕ್ಕತೊಡಗಿದರು. ಕುರ್ಚಿ ಅಲುಗಾಡಿತು. ನಾಲ್ಕು ವರ್ಷ ನಾವು ಹುಡುಕಿದ ಕಾರಣ ಹತ್ತು ಸೆಕೆಂಡಿನಲ್ಲಿ ಕಣ್ಣೆದುರು ಬಂತು. ಮನೆಯಲ್ಲಿರುವ ಬ್ರಶ್ ಎಂಥದ್ದು ಎಂದು ಕೇಳಿದೆ. ಅಂಗಡಿಯಲ್ಲಿ ಸಿಗುವ ಅತಿ ಗಟ್ಟಿಯಾದದ್ದನ್ನು ಹುಡುಕಿ ತರುತ್ತಿದ್ದರಂತೆ.

"ಪೆನ್ನು ಹಿಡಿದ ಹಾಗೆ ಹಿಡಿಯಿರಿ. ಒಸಡಿಗೆ ಸ್ವಲ್ಪ ಓರೆಯಾಗಿ ಇಟ್ಟು, ಚಿಕ್ಕ ಚಿಕ್ಕ ಸುತ್ತು" ಎಂದೆ.

ಅವರು ಬ್ರಶ್ಶನ್ನು ಬೆರಳುಗಳ ನಡುವೆ ತಿರುಗಿಸಿ ನೋಡಿದರು. "ಅಂದರೆ ಮಕ್ಕಳಿಗೆ ಸೊನ್ನೆ ಬರೆಸುವ ಹಾಗೆ" ಎಂದರು. ಹೌದು, ಸೊನ್ನೆ ಬರೆದ ಹಾಗೆ. ಆಮೇಲೆ ನಾನು ಎಲ್ಲರಿಗೂ ಹಾಗೆಯೇ ಹೇಳಿಕೊಡುತ್ತಿದ್ದೆ. ಪ್ಲಾಸ್ಟಿಕ್ ದವಡೆಯನ್ನು ಕಪಾಟಿನ ಮೇಲೆ ಎತ್ತಿಟ್ಟೆ. ಬಂದವರ ಕೈಗೆ ಬ್ರಶ್ ಕೊಟ್ಟು, ಕನ್ನಡಿ ಹಿಡಿದು, ತೋರಿಸಿ ಎನ್ನುವುದು ನನ್ನ ಪದ್ಧತಿಯಾಯಿತು. ಬಲಗೈಯವರು ಬಲಗಡೆಯ ಕೋರೆಹಲ್ಲಿನ ಹತ್ತಿರ ಬಂದಾಗ ಕೈ ತಿರುಗಿಸುವ ಬದಲು ಹಾರಿಸಿಬಿಡುತ್ತಾರೆ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ನೂರರಲ್ಲಿ ಒಬ್ಬರ ಬ್ರಶ್ ಕೂಡ ಹೋಗುವುದಿಲ್ಲ. ಒಸಡಿನಲ್ಲಿ ರಕ್ತ ಕಂಡರೆ ಆ ಜಾಗವನ್ನೇ ಬಿಟ್ಟು ಉಜ್ಜುತ್ತಾರೆ. ಅಲ್ಲೇ ಮೆಲ್ಲಗೆ ಉಜ್ಜಿದರೆ ಬಹುಪಾಲು ಜನರಿಗೆ ಒಂದೆರಡು ವಾರದಲ್ಲಿ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ ಡಾಕ್ಟರರಿಗೆ ತೋರಿಸಬೇಕು.

ಎರಡನೆಯವರು ಸುಧಾಕರಣ್ಣ. ಘಾಟ್ಕೋಪರ್ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು. ಕುಂದಾಪುರದ ಕಡೆಯವರು. ಬ್ರಶ್ ಮಾಡುವುದನ್ನು ತೋರಿಸಿದರು, ನನಗಿಂತ ಚೆನ್ನಾಗಿ ಮಾಡುತ್ತಿದ್ದರು. ಆದರೂ ಬಂದಾಗಲೆಲ್ಲ ಒಂದೋ ಎರಡೋ ಹೊಸ ಹುಳುಕು. ಸಿಹಿ ತಿನ್ನುತ್ತೀರಾ ಎಂದರೆ, "ಇಲ್ಲ ಅಂದ್ರೆ ಇಲ್ಲ. ಚಾ ಸಹ ಸಕ್ಕರೆ ಇಲ್ಲದ್ದೇ ಕುಡಿಯುವುದು, ಶುಗರ್ ಹೆದರಿಕೆಗೆ" ಎಂದರು. ನಮ್ಮ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಸಾಠೆ, "ಕೆಲವರ ಹಲ್ಲು ಹುಟ್ಟಿನಿಂದಲೇ ಮೆದು" ಎಂದು ತುಂಬಿ ಕಳಿಸಿದರು.

ನನಗೆ ಸಮಾಧಾನವಾಗಲಿಲ್ಲ. ಒಂದು ಸಂಜೆ ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲಿ ಆ ಹೋಟೆಲಿಗೆ ಹೊಕ್ಕೆ. ಗಲ್ಲೆ ಕಾಣುವ ಮೇಜಿನಲ್ಲಿ ಕೂತು ಒಂದು ಕಾಪಿ ಹೇಳಿದೆ, ಆಮೇಲೆ ಇನ್ನೊಂದು. ಸುಧಾಕರಣ್ಣನ ಎಡಗಡೆ, ಗಿರಾಕಿಗಳಿಗೆಂದು ಇಟ್ಟ ಬಡೆಸೋಪು ಮತ್ತು ಕಲ್ಲುಸಕ್ಕರೆಯ ಬಟ್ಟಲು ಇತ್ತು. ಬಲಗೈ ಚಿಲ್ಲರೆ ಕೊಡುತ್ತಿತ್ತು, ಎಡಗೈ ತನ್ನಷ್ಟಕ್ಕೆ ಬಟ್ಟಲಿಗೆ ಹೋಗಿ ಬಾಯಿಗೆ ಬರುತ್ತಿತ್ತು. ನಾನು ಎರಡನೇ ಕಾಪಿ ಮುಗಿಸುವಷ್ಟರಲ್ಲಿ ಹನ್ನೊಂದು ಸಲ. ಹೋಗಿ ಹೇಳಿದೆ. ಅವರು ನಂಬಲಿಲ್ಲ. "ಎಂತ ಹೇಳ್ತೀರಿ ವಸಂತಿಯವರೇ, ನಾನು ಮುಟ್ಟುವುದೇ ಇಲ್ಲ ಅದನ್ನು" ಎನ್ನುವಾಗಲೂ ಎಡಗೈ ಬಟ್ಟಲಿನೊಳಗಿತ್ತು. ಅವರೇ ನೋಡಿಕೊಂಡು ಕೈ ಹಿಂದಕ್ಕೆ ತೆಗೆದರು. ಬಟ್ಟಲನ್ನು ಕೈಗೆಟುಕದ ಕಡೆಗೆ ಸರಿಸಿದೆವು, ಅಷ್ಟೇ. ಒಮ್ಮೆಗೇ ಒಂದು ಹೋಳಿಗೆ ತಿಂದು ಬಾಯಿ ಮುಕ್ಕಳಿಸಿದರೆ ಆಗದ ಕೇಡು, ದಿನವಿಡೀ ಚೂರು ಚೂರೇ ಸಕ್ಕರೆ ಬಾಯಲ್ಲಿ ಕರಗುತ್ತಿದ್ದರೆ ಆಗುತ್ತದೆ. ಮುಂದಿನ ವರ್ಷ ಅವರಿಗೆ ಹೊಸ ಹುಳುಕು ಇರಲಿಲ್ಲ.

ಇದರಿಂದ ನನಗೆ ಸ್ವಲ್ಪ ಜಂಬ ಬಂತು. ಸಾಠೆ ಮ್ಯಾಡಮ್ ನನ್ನನ್ನು ಡಿಟೆಕ್ಟಿವ್ ಎಂದು ಕರೆಯತೊಡಗಿದ್ದರು. ನರ್ಸಿಂಗ್ ಕಲಿಯುವ ಹುಡುಗಿಯರ ತಂಡಗಳು ಬಂದರೆ ನನ್ನ ಕುರ್ಚಿಯ ಸುತ್ತ ನಿಲ್ಲಿಸುತ್ತಿದ್ದರು. ಜನರ ಮುಂದೆ ಮಾತಾಡುವುದು ನನಗೆ ಹಿಡಿಸಿತ್ತು. ಇಂಥ ದಿನಗಳಲ್ಲಿ ಒಂದು ಬುಧವಾರ ನೀಲವ್ವ ಬಂದಳು.

ವಿಜಯಪುರ ಜಿಲ್ಲೆಯವಳು, ನಲವತ್ತರ ಆಸುಪಾಸು. ಚೆಂಬೂರ್ ಸ್ಟೇಷನ್ ಹತ್ತಿರ ಏಳುತ್ತಿದ್ದ ಒಂದು ಟವರಿನಲ್ಲಿ ಇಟ್ಟಿಗೆ, ಸಿಮೆಂಟು ಹೊರುವ ಕೆಲಸ. ಒಸಡು ಬಾತುಕೊಂಡು ನೋವೆಂದು ಬಂದಿದ್ದಳು. ಹಲ್ಲುಗಳ ಅಂಚು ಕಪ್ಪಗಿತ್ತು. ಕೆಳತುಟಿಯನ್ನು ಎಳೆದು ನೋಡಿದಾಗ, ತುಟಿಗೂ ಒಸಡಿಗೂ ನಡುವಿನ ಸಂದಿಯಲ್ಲಿ ಒಂದು ಬಿಳಿಯ ಕಲೆ. ನೀರಲ್ಲಿ ನೆನೆದ ಬೆರಳಿನ ಚರ್ಮದ ಹಾಗೆ ಸುಕ್ಕುಸುಕ್ಕಾಗಿ, ಉಗುರಿನಗಲ. ಸಾಠೆ ಮ್ಯಾಡಮ್ ನೋಡಿ, ಮುಂದಿನ ಬುಧವಾರ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕೆಂದು ಅವಳಿಗೆ ಹೇಳಿ, ಕೇಸ್‌ಪೇಪರಿನಲ್ಲಿ ಬರೆದು ಒಳಗೆ ಹೋದರು. ಒಸಡು ಸ್ವಚ್ಛ ಮಾಡಲು ನನಗೆ ಒಪ್ಪಿಸಿದರು. ಸುತ್ತ ಹನ್ನೆರಡು ಹುಡುಗಿಯರು ನಿಂತಿದ್ದರು.

"ಹೇಗೆ ಉಜ್ಜುತ್ತೀರಿ, ತೋರಿಸಿ" ಎಂದೆ.

"ಬ್ರಶ್ ಇಲ್ರೀ ನನ್ನ ಕಡೆ. ಬೊಟ್ಟಿಲೆ ತಿಕ್ಕೋತೀನ್ರೀ."

"ಸರಿ, ಬೆರಳಿನಿಂದಲೇ ತೋರಿಸಿ. ಏನು ಹಾಕಿ ಉಜ್ಜುತ್ತೀರಿ?"

ಅವಳು ಹುಡುಗಿಯರ ಕಡೆ ಒಮ್ಮೆ ನೋಡಿ, ಸೊಂಟದ ಚೀಲದಿಂದ ಒಂದು ಚಿಕ್ಕ ಡಬ್ಬಿ ತೆಗೆದಳು. ಮಶೇರಿ. ತಂಬಾಕನ್ನು ಹಂಚಿನ ಮೇಲೆ ಕಪ್ಪಗಾಗುವ ತನಕ ಹುರಿದು ಪುಡಿ ಮಾಡಿದ್ದು. ಹೇಳಿದೆನೆಂದು ಚಿಟಿಕೆಯಷ್ಟು ಅಂಗೈಗೆ ಹಾಕಿಕೊಂಡು ತೋರುಬೆರಳಿನಿಂದ ಒಸಡಿಗೆ ತಿಕ್ಕಿ ತೋರಿಸಿದಳು. ಒಬ್ಬ ಹುಡುಗಿ ಮೂಗಿಗೆ ಕರವಸ್ತ್ರ ಹಿಡಿದಳು. ಇನ್ನಿಬ್ಬರು ನಕ್ಕರು. ನಾನು ಅವರನ್ನು ಸುಮ್ಮನಿರಿಸಬೇಕಿತ್ತು. ಅದರ ಬದಲು ಕನ್ನಡಿಯಿಂದ ನೀಲವ್ವನ ತುಟಿಯನ್ನು ಕೆಳಗೆಳೆದು ಹಿಡಿದು, ಹತ್ತಿರ ಬನ್ನಿ ಎಂದು ಹುಡುಗಿಯರನ್ನು ಕರೆದು, ತಂಬಾಕು ಏನು ಮಾಡುತ್ತದೆ ನೋಡಿ, ಇದನ್ನು ಹೀಗೇ ಬಿಟ್ಟರೆ ಏನಾಗುತ್ತದೆ ಗೊತ್ತಾ ಎಂದು ಹಿಂದಿಯಲ್ಲಿ ಪಾಠ ಶುರು ಮಾಡಿದೆ. ಅವಳಿಗೆ ಹಿಂದಿ ಬರುತ್ತದೆಂದು ನನಗೆ ತೋಚಲಿಲ್ಲ. ಹನ್ನೆರಡು ತಲೆಗಳು ಅವಳ ಬಾಯಿಯ ಮೇಲೆ ಬಾಗಿದವು.

ಪಾಠ ಮುಗಿದ ಮೇಲೆ ನೀಲವ್ವ ಡಬ್ಬಿಯ ಮುಚ್ಚಳ ಹಾಕಿ ಸೊಂಟಕ್ಕೆ ಸಿಕ್ಕಿಸಿದಳು. ಬಾಯಿ ಮುಕ್ಕಳಿಸಲಿಲ್ಲ. ಕುರ್ಚಿಯಿಂದಿಳಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೊರಟುಹೋದಳು. ಮುಂದಿನ ಬುಧವಾರ ಬರಲಿಲ್ಲ. ಅದರ ಮುಂದಿನ ಬುಧವಾರವೂ ಬರಲಿಲ್ಲ.

ಮೂರನೆಯ ವಾರ ಸಾಠೆ ಮ್ಯಾಡಮ್ ಕೇಸ್‌ಪೇಪರ್ ಹಿಡಿದು ನನ್ನ ಹತ್ತಿರ ಬಂದರು. ಗಟ್ಟಿಯಾಗಿ ಮಾತಾಡುವ ಹೆಂಗಸಲ್ಲ. ಮರಾಠಿಯಲ್ಲಿ ಕೇಳಿದರು, "ಆ ಬಿಳಿ ಕಲೆಯವಳು ಎಲ್ಲಿ?"

"ಬರಲಿಲ್ಲ ಮ್ಯಾಡಮ್. ಹೆದರಿರಬೇಕು."

"ಹೆದರಿದವರು ನನ್ನನ್ನು ಹತ್ತು ಪ್ರಶ್ನೆ ಕೇಳುತ್ತಾರೆ. ಅವಳು ಒಂದೂ ಕೇಳಲಿಲ್ಲ." ಕೇಸ್‌ಪೇಪರನ್ನು ನನ್ನ ಕೈಗೆ ಕೊಟ್ಟರು. "ನೀನು ಪಾಠ ಹೇಳುವಾಗ ನಾನು ಬಾಗಿಲಲ್ಲಿ ನಿಂತಿದ್ದೆ ವಸಂತಿ. ನಾನೂ ತಡೆಯಲಿಲ್ಲ. ಅವಳನ್ನು ಹುಡುಕು."

ಬೈದಿದ್ದರೆ ಹಗುರವಾಗುತ್ತಿತ್ತು. ಪೇಪರಿನಲ್ಲಿದ್ದ ಫೋನ್ ನಂಬರು ಮೇಸ್ತ್ರಿಯದು, ಅದು ಬಂದ್ ಆಗಿತ್ತು. ಆ ಸಂಜೆ ಸ್ಟೇಷನ್ ಹತ್ತಿರದ ಟವರಿಗೆ ಹೋದೆ. ವಿಜಯಪುರದವರ ತಂಡ ಬೇರೆ ಕಡೆ ಹೋಯಿತೆಂದು ಕಾವಲುಗಾರ ಹೇಳಿದ. ಎಲ್ಲಿಗೆ ಎಂದು ನಾಲ್ಕು ಜನರನ್ನು ಕೇಳಿ ತಿಳಿದುಕೊಂಡರೆ, ಘಾಟ್ಕೋಪರ್ ಮೆಟ್ರೋ ಸ್ಟೇಷನ್ನಿನ ಹಿಂಬದಿಗೆ. ನನ್ನ ಮನೆಯಿಂದ ಇಪ್ಪತ್ತು ನಿಮಿಷದ ದಾರಿ.

ಮಾರನೆಯ ಸಂಜೆ ಅಲ್ಲಿಗೆ ಹೋದೆ. ಕಟ್ಟಡದ ಪಕ್ಕದಲ್ಲಿ ತಗಡಿನ ಶೆಡ್ಡುಗಳ ಸಾಲು. ನೀಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ಒಳಗೆ ಹೋದಳು. ಅವಳ ನಾದಿನಿ ಗಂಗವ್ವ ಹೊರಗೆ ಬಂದು, "ಆಕಿ ಇಲ್ರೀ" ಎಂದಳು. ಹಂಚಿನ ಮೇಲೆ ರೊಟ್ಟಿ ಹೊಗೆಯಾಡುತ್ತಿತ್ತು. ನಾನು ಅದನ್ನು ಮಗುಚಿ ಹಾಕಿ ವಾಪಸು ಬಂದೆ.

ಭಾನುವಾರ ಬೆಳಿಗ್ಗೆ ಮತ್ತೆ ಹೋದೆ, ಅವರು ಕೆಲಸಕ್ಕೆ ಹತ್ತುವ ಮುಂಚೆ ಸಿಗಲೆಂದು. ಆಗಷ್ಟೇ ಬೆಳಕು ಬಿಡುತ್ತಿತ್ತು. ಶೆಡ್ಡುಗಳ ಕೊನೆಯಲ್ಲಿ ಎರಡು ಪಾಯಿಖಾನೆ, ಒಂದಕ್ಕೆ ಬಾಗಿಲೇ ಇಲ್ಲ. ಬಾಗಿಲಿದ್ದುದರ ಮುಂದೆ ಇಪ್ಪತ್ತೈದು ಮೂವತ್ತು ಹೆಂಗಸರ ಸಾಲು. ನಿಂತವರು ನಾಲ್ಕೇ ಜನ, ಮಿಕ್ಕವರು ತಂಬಿಗೆ ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಎಲ್ಲರ ಅಂಗೈಯಲ್ಲೂ ಕಪ್ಪು ಪುಡಿ. ತೋರುಬೆರಳಿನಿಂದ ನಿಧಾನವಾಗಿ ಒಸಡು ತಿಕ್ಕುತ್ತ, ಉಗುಳುತ್ತ, ಮಾತಾಡುತ್ತಿದ್ದರು. ನಗು ಕೂಡ ಕೇಳುತ್ತಿತ್ತು. ನೀಲವ್ವ ಸಾಲಿನ ನಡುವೆ ಇದ್ದಳು. ಸಾಲು ಬಿಟ್ಟು ಎದ್ದರೆ ಸರದಿ ತಪ್ಪುತ್ತದೆ, ಹಾಗಾಗಿ ಏಳಲಿಲ್ಲ. ನಾನು ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

"ಅವತ್ತು ನಾನು ತಪ್ಪು ಮಾಡಿದೆ ನೀಲವ್ವ. ಅದನ್ನು ಹೇಳಲಿಕ್ಕೆ ಬಂದೆ" ಎಂದೆ.

ಅವಳು ಉಗುಳಿ, ಬೆರಳು ಒರೆಸಿಕೊಂಡಳು. "ನಮ್ಮ ಕಡೆ ದನದ ಸಂತ್ಯಾಗ ಎತ್ತಿನ ತುಟಿ ಎತ್ತಿ ಹಲ್ಲ ನೋಡ್ತಾರ್ರೀ. ಹಂಗ ನೋಡಿದ್ರಿ ನೀವು ನನ್ನ."

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು, ನಾವೂ ಸರಿದೆವು. ಆಮೇಲೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದೆ, "ಇದನ್ನು ಯಾಕೆ ಹಚ್ಚುತ್ತೀರಿ? ಹಲ್ಲು ಗಟ್ಟಿಯಾಗುತ್ತದೆಂದಾ?"

ಗಂಗವ್ವ ಹಿಂದಿನಿಂದ ನಕ್ಕಳು. ನೀಲವ್ವ ನನ್ನನ್ನು ಮೊದಲ ಸಲ ನೇರವಾಗಿ ನೋಡಿದಳು. "ಹಲ್ಲಿಗಿ ಅಂತ ಯಾರ ಹಚ್ಚತಾರ್ರೀ? ಇದನ್ನ ಹಚ್ಚಿದ್ರ ಹೊಟ್ಟಿ ಸಾಫ್ ಆಗತೈತಿ. ಆರನೇ ಮಾಳಿಗಿ ಮ್ಯಾಲ ಹ್ವಾದ್ರ ಸಂಜೀತನಾ ಇಳಿಯಾಕ ಬಿಡಂಗಿಲ್ಲ. ಇಳದ್ರೂ ಇಲ್ಲಿ ಗಂಡಸರು ನಿಂತಿರ್ತಾರ. ಮುಂಜಾನಿ ಆಗಲಿಲ್ಲಂದ್ರ ದಿನಾ ಪೂರಾ ಹೊಟ್ಟಿ ಹಿಡ್ಕೊಂಡು ಇಟ್ಟಂಗಿ ಹೊರಬೇಕು. ನೀರ ಸೈತ ಕುಡಿಯಾಕ ಬರಂಗಿಲ್ಲ."

ಇಪ್ಪತ್ತು ವರ್ಷ ನಾನು ಮಶೇರಿ ಹಚ್ಚುವ ಹೆಂಗಸರಿಗೆ ಬ್ರಶ್ ಕೊಟ್ಟು ಕಳಿಸಿದ್ದೆ. ಅದು ಹಲ್ಲಿಗೆ ಸಂಬಂಧಿಸಿದ್ದೇ ಅಲ್ಲ ಎಂದು ಒಬ್ಬರೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಬಾಯಿಯ ಕೊಳೆಗೆ ಕಾರಣ ಬಾಗಿಲಿಲ್ಲದ ಒಂದು ಪಾಯಿಖಾನೆ ಇರಬಹುದೆಂದು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ.

ಆ ದಿನ ಪರೀಕ್ಷೆಗೆ ಬಾ ಎಂದು ಒತ್ತಾಯಿಸಲಿಲ್ಲ. ಆ ಕಲೆ ಏನಿರಬಹುದು, ಏನು ಅಲ್ಲದಿರಬಹುದು, ಚೂರು ತೆಗೆಯುವಾಗ ಎಷ್ಟು ನೋವು, ಎಲ್ಲವನ್ನೂ ಇದ್ದ ಹಾಗೆ ಹೇಳಿದೆ. "ಅದೇ ರೋಗ ಇದ್ರ ಊರಿಗೆ ಕಳಸತಾರೇನ್ರೀ?" ಎಂದು ಕೇಳಿದಳು. ಯಾರೂ ಕಳಿಸುವುದಿಲ್ಲ, ಇದ್ದರೆ ಇಲ್ಲೇ ಚಿಕಿತ್ಸೆ, ನಾನು ಜೊತೆಗಿರುತ್ತೇನೆ ಎಂದೆ. ಸರದಿ ಬಂತು, ತಂಬಿಗೆ ಎತ್ತಿಕೊಂಡು ಹೋದಳು. ಹೊರಗೆ ಬಂದಾಗ ನಾನು ಅಲ್ಲೇ ಇದ್ದೆ. "ಬುಧವಾರ ಎಷ್ಟೊತ್ತಿಗಿ ಬರಲ್ರೀ?" ಎಂದಳು.

ಬಂದಳು. ಸಾಠೆ ಮ್ಯಾಡಮ್ ಚೂರು ತೆಗೆದರು. ವರದಿಗೆ ಹತ್ತು ದಿನ. ಆ ಹತ್ತು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಅವಳು ತಡವಾಗಿ ಬಂದದ್ದು ನನ್ನಿಂದ. ಆ ತಡದಲ್ಲಿ ಏನಾದರೂ ಆಗಿದ್ದರೆ ಎಂಬ ಲೆಕ್ಕ ತಲೆಯಲ್ಲಿ ಸುತ್ತುತ್ತಿತ್ತು. ವರದಿ ಬಂದ ದಿನ ಮ್ಯಾಡಮ್ ಲಕೋಟೆ ಒಡೆದು ಓದಿ, ನನ್ನ ಕೈಗೆ ಕೊಟ್ಟರು. ಕ್ಯಾನ್ಸರ್ ಇರಲಿಲ್ಲ. ಆದರೆ ಜೀವಕೋಶಗಳಲ್ಲಿ ಬದಲಾವಣೆ ಶುರುವಾಗಿತ್ತು. ತಂಬಾಕು ಬಿಡಬೇಕು, ಮೂರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು.

ಬಿಡುವುದು ಹೇಗೆ? ಇದು ಸುಧಾಕರಣ್ಣನ ಬಟ್ಟಲು ಸರಿಸಿದ ಹಾಗಲ್ಲ. ನೀಲವ್ವನನ್ನು ನಮ್ಮ ಆಸ್ಪತ್ರೆಯ ಜನರಲ್ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಮಲಬದ್ಧತೆಗೆ ಅವರು ಔಷಧಿ ಕೊಟ್ಟು, ಎದ್ದ ಕೂಡಲೆ ಎರಡು ಲೋಟ ಬಿಸಿನೀರು, ಊಟದಲ್ಲಿ ಸೊಪ್ಪು, ಹಗಲಲ್ಲಿ ಚೆನ್ನಾಗಿ ನೀರು ಎಂದರು. "ನೀರ ಕುಡದು ಎಲ್ಲಿ ಹೋಗ್ಲ್ರೀ?" ಎಂದು ನೀಲವ್ವ ಕೇಳಿದಳು. ಅದಕ್ಕೆ ಸಾಠೆ ಮ್ಯಾಡಮ್ ಗುತ್ತಿಗೆದಾರನಿಗೆ ಫೋನು ಮಾಡಿದರು, ಒಮ್ಮೆಯಲ್ಲ, ವಾರಕ್ಕೆರಡು ಸಲದಂತೆ ಒಂದೂವರೆ ತಿಂಗಳು. ಕೊನೆಗೆ ನಾಲ್ಕನೇ ಮಹಡಿಯಲ್ಲಿ ಹೆಂಗಸರಿಗೆಂದು ತಗಡಿನ ಪಾಯಿಖಾನೆಯೊಂದನ್ನು ನಿಲ್ಲಿಸಿದ, ಬೀಗ ಹಾಕಿ ಕೀಲಿಯನ್ನು ಕಾವಲುಗಾರನ ಕೈಗೆ ಕೊಟ್ಟ. ಹೋಗಿ ಕೇಳಲು ಹೆಂಗಸರಿಗೆ ನಾಚಿಕೆ. ನೀಲವ್ವ ಹತ್ತು ಜನರನ್ನು ಕಟ್ಟಿಕೊಂಡು ಹೋಗಿ ಕೀಲಿ ಇಸಿದುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿದಳಂತೆ. ಮೇಸ್ತ್ರಿ ಗೊಣಗಿದನಂತೆ, ಕೀಲಿ ವಾಪಸು ಹೋಗಲಿಲ್ಲ.

ಅಷ್ಟಾದರೂ ಮಶೇರಿ ಸುಲಭದಲ್ಲಿ ಬಿಡಲಿಲ್ಲ. ಮೊದಲ ವಾರ ತಲೆನೋವು, ಸಿಟ್ಟು. ಎರಡು ಸಲ ಬಿಟ್ಟು ಎರಡು ಸಲ ಹಿಡಿದಳು. ಬಂದು ಹೇಳುತ್ತಿದ್ದಳು, ಮುಚ್ಚಿಡುತ್ತಿರಲಿಲ್ಲ. ನಾನು ಬಯ್ಯುವುದನ್ನು ಬಿಟ್ಟಿದ್ದೆ. ಯಾವ ಹೊತ್ತಿನಲ್ಲಿ, ಯಾರ ಜೊತೆ ಕೂತಾಗ, ಏನಾದ ಮೇಲೆ ಕೈ ಡಬ್ಬಿಗೆ ಹೋಯಿತೆಂದು ಮಾತ್ರ ಕೇಳುತ್ತಿದ್ದೆ. ಒಮ್ಮೆ ಹೇಳಿದಳು, "ಎಲ್ಲಾರೂ ಡಬ್ಬಿ ಹಿಡದ ಕುಂತಾಗ ನಾ ಒಬ್ಬಾಕಿ ಬ್ರಶ್ ಹಿಡದ ಕುಂತ್ರ ನಗತಾರ್ರೀ." ಆಗ ಗಂಗವ್ವನಿಗೂ ಇನ್ನಿಬ್ಬರಿಗೂ ಬ್ರಶ್ ಕೊಟ್ಟು ಕಳಿಸಿದೆ, ನಗುವವರು ಕಡಿಮೆಯಾಗಲೆಂದು. ಇಬ್ಬರು ಉಪಯೋಗಿಸಿದರು. ಗಂಗವ್ವ ತನ್ನದರಿಂದ ಒಲೆಯ ಬರ್ನರ್ ತಿಕ್ಕಿದಳಂತೆ. ಏಳೆಂಟು ತಿಂಗಳು ಕಳೆದ ಮೇಲೆ ಕನ್ನಡಿ ಹಿಡಿದು ನೋಡಿದರೆ ನೀಲವ್ವನ ಕಲೆ ಅಂಚಿನಿಂದ ಕರಗುತ್ತ ಬಂದಿತ್ತು. ಒಂದು ವರ್ಷಕ್ಕೆ ಆ ಜಾಗ ಹೆಚ್ಚುಕಡಿಮೆ ಗುಲಾಬಿ ಬಣ್ಣಕ್ಕೆ ಬಂತು.

ತಂಡ ಅಂಧೇರಿಗೆ ಹೋಯಿತು. ಅವಳು ಮೆಟ್ರೋ ಹಿಡಿದು ಘಾಟ್ಕೋಪರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಚೆಂಬೂರಿಗೆ, ಮೂರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದಳು. ಒಮ್ಮೆ ಬಂದಾಗ ಹಿಂದೆ ಗಂಗವ್ವ ಇದ್ದಳು, ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡು. ಕೆನ್ನೆಯ ಒಳಗಡೆ ಒಂದು ಹುಣ್ಣು, ಒಂದು ತಿಂಗಳಿಂದ ಮಾಯುತ್ತಿಲ್ಲವೆಂದು ನೀಲವ್ವ ಹೇಳಿದಳು. ಶೆಡ್ಡಿನಲ್ಲಿ ಫೋನಿನ ಬೆಳಕು ಹಾಕಿ ಅವಳೇ ನೋಡಿದ್ದಳು. ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ತೋರಿಸಬೇಕೆಂದು ನಾನು ಹೇಳಿದ್ದು ಅವಳಿಗೆ ನೆನಪಿತ್ತು, ಗಂಗವ್ವನನ್ನು ಒಪ್ಪಿಸಲು ಇನ್ನೆರಡು ವಾರ ಹಿಡಿದಿತ್ತು.

ಗಂಗವ್ವ ಕುರ್ಚಿ ಹತ್ತಲು ಒಪ್ಪಲಿಲ್ಲ, ಬಾಗಿಲ ಹತ್ತಿರವೇ ನಿಂತಳು. ನಾನು ಏನು ಹೇಳಲೆಂದು ಯೋಚಿಸುತ್ತಿರುವಾಗ ನೀಲವ್ವ ತಾನೇ ಕುರ್ಚಿ ಹತ್ತಿ ಕೂತು ತಲೆ ಹಿಂದಕ್ಕೆ ಹಾಕಿದಳು. "ಮೊದಲ ನಂದು ನೋಡ್ರೀ ಅಕ್ಕಾರ. ಏ ಗಂಗೀ, ಬಾ ಇಲ್ಲಿ. ಏನ್ ಮಾಡ್ತಾರ ನೋಡಿಕೋ." ತನ್ನ ಕೈಯಿಂದಲೇ ಕೆಳತುಟಿಯನ್ನು ಎಳೆದು, ನಾದಿನಿ ಬಾಗಿ ನೋಡುವ ತನಕ ಹಾಗೇ ಹಿಡಿದುಕೊಂಡಳು. ಆಮೇಲೆ ಅವಳಿಳಿದಳು, ಗಂಗವ್ವ ಹತ್ತಿದಳು.

ಅವಳದು ಕ್ಯಾನ್ಸರ್ ಆಗಿತ್ತು, ಚಿಕ್ಕದು. ಸಾಠೆ ಮ್ಯಾಡಮ್ ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಕೆನ್ನೆಯ ಒಳಭಾಗದಲ್ಲಿ ಸ್ವಲ್ಪ ತೆಗೆದರು, ದವಡೆಗೆ ಇಳಿದಿರಲಿಲ್ಲ. ಇನ್ನೂ ಎರಡು ತಿಂಗಳು ತಡವಾಗಿದ್ದರೆ ಮಾತು ಬೇರೆಯಾಗುತ್ತಿತ್ತೆಂದು ಅಲ್ಲಿಯ ಡಾಕ್ಟರರು ನೀಲವ್ವನಿಗೆ ಹೇಳಿದರಂತೆ. ಗಂಗವ್ವ ಮಶೇರಿ ಬಿಟ್ಟಳು. ಈಗ ಭಾರ ಹೊರುವುದಿಲ್ಲ, ತಂಡದವರಿಗೆ ಅಡಿಗೆ ಮಾಡುತ್ತಾಳೆ.

ಆಪರೇಷನ್ ಆಗಿ ನಾಲ್ಕನೆಯ ತಿಂಗಳು ಇಬ್ಬರೂ ಬಂದರು. ನಾನು ಗಂಗವ್ವನ ಹಲ್ಲು ಸ್ವಚ್ಛ ಮಾಡಿ, ಮೆತ್ತಗಿನ ಬ್ರಶ್ಶಿನಿಂದ ಆ ಕಡೆ ಹೇಗೆ ಉಜ್ಜಬೇಕೆಂದು ತೋರಿಸಿದೆ.

"ಖಾರ ತಿನ್ನಾಕ ಬರವಲ್ದು ನೋಡ್ರೀ. ಸುಡತೈತಿ" ಎಂದು ಗಂಗವ್ವ ದೂರಿದಳು.

"ಜೀವ ಉಳದೈತಿ, ಖಾರದ ಚಿಂತಿ ಮಾಡ್ತಿ ನೀ" ಎಂದು ನೀಲವ್ವ ಅವಳನ್ನು ಎಬ್ಬಿಸಿದಳು. ಬಾಗಿಲ ತನಕ ಹೋಗಿ ನಿಂತು ತಿರುಗಿದಳು. "ಅಕ್ಕಾರ, ಹೊರಗ ನಮ್ಮವರು ಇನ್ನಾ ಮೂರ ಮಂದಿ ಕುಂತಾರ್ರೀ. ಕಳಸ್ಲ್ಯಾ?"

"ಕಳಿಸಿ ನೀಲವ್ವ. ಒಬ್ಬೊಬ್ಬರನ್ನೇ" ಎಂದೆ.